ಲಾರ್ಡ್ ಡಾಲ್‌ಹೌಸಿ

ಜೇಮ್ಸ್ ಆಂಡ್ರ್ಯೂ ಬ್ರೌನ್-ರಾಮ್ಸೆ (22 ಏಪ್ರಿಲ್ 1812 – 19 ಡಿಸೆಂಬರ್ 1860) ಸ್ಕಾಟ್ಲೆಂಡಿನ ಡಾಲ್‌ಹೌಸಿ ಮನೆತನದ 10ನೆಯ ಅರ್ಲ್ ಮತ್ತು ಆ ಹೆಸರಿನ ಮೊದಲ ಹಾಗೂ ಕೊನೆಯ ಮಾರ್ಕ್ವೆಸ್. 1848ರಿಂದ 1856ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಭಾರತದ ಗವರ್ನರ್ ಜನರಲ್ ಆಗಿದ್ದ ಈತ ಲಾರ್ಡ್ ಡಾಲ್‌ಹೌಸಿ ಎಂಬ ಹೆಸರಿನಿಂದ ಪ್ರಸಿದ್ಧ. ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲವೆಂಬ ನೀತಿಯನ್ನು ಅನುಸರಿಸಿ ಹಲವು ದೇಶೀಯ ಸಂಸ್ಥಾನಗಳನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡ. ರೈಲು, ತಂತಿ, ಅಗ್ಗದ ಅಂಚೆ ಮತ್ತು ಲೋಕೋಪಯೋಗಿ ಇಲಾಖೆಗಳು ಭಾರತದಲ್ಲಿ ನೆಲೆಗೊಂಡದ್ದು ಈತನ ಕಾಲದಲ್ಲಿ. ಈತ ಭಾರತವನ್ನು ಬಿಟ್ಟ ಸುಮಾರು ಹದಿನಾಲ್ಕು ತಿಂಗಳುಗಳಲ್ಲಿ 1857ರ ದಂಗೆ ಸ್ಫೋಟಗೊಂಡಿತು. ಆ ದಂಗೆಯ ಹೊಣೆಯಲ್ಲಿ ಈತನ ಪಾಲು ಎಷ್ಟೆಂಬುದು ಇತಿಹಾಸಕಾರರಲ್ಲಿ ಬಹುಕಾಲ ಚರ್ಚೆಗೆ ಒಳಗಾದ ವಿಷಯ.

ಮನೆತನ ಮತ್ತು ಪದವಿಯ ಹಿನ್ನೆಲೆ

ರಾಮ್ಸೆ ಮನೆತನ ಸ್ಕಾಟ್ಲೆಂಡಿನ ಹಳೆಯ ಶ್ರೀಮಂತ ಮನೆತನಗಳಲ್ಲೊಂದು. ಹನ್ನೆರಡನೆಯ ಶತಮಾನದಲ್ಲಿ, ಒಂದನೆಯ ಡೇವಿಡ್ ದೊರೆಯ ಕಾಲದಲ್ಲಿ, ಈ ಮನೆತನದವರು ಎಡಿನ್‌ಬರೋ ನಗರದ ದಕ್ಷಿಣಕ್ಕಿರುವ ಮಿಡ್‌ಲೋಥಿಯನ್ ಪ್ರಾಂತ್ಯದಲ್ಲಿ ನೆಲೆಸಿದರು. ಎಸ್ಕ್ ನದಿಯ ದಂಡೆಯ ಮೇಲಿನ ಡಾಲ್‌ಹೌಸಿ ಕೋಟೆ ಇವರ ಮೂಲಸ್ಥಾನ. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಯುದ್ಧಗಳಲ್ಲಿ ಸರ್ ಅಲೆಕ್ಸಾಂಡರ್ ರಾಮ್ಸೆ ಹೆಸರು ಗಳಿಸಿದ. 1338ರಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಡನ್‌ಬಾರ್ ಕೋಟೆಗೆ ಸಮುದ್ರಮಾರ್ಗವಾಗಿ ಆಹಾರ ಮತ್ತು ಸೈನಿಕರನ್ನು ತಲುಪಿಸಿದವನು ಈತ. ಮುಂದೆ 1342ರಲ್ಲಿ ಸ್ಕಾಟ್ಲೆಂಡಿನವನೇ ಆದ ವಿಲಿಯಂ ಡಗ್ಲಸ್ ಎಂಬ ಪ್ರತಿಸ್ಪರ್ಧಿ ಈತನನ್ನು ಹರ್ಮಿಟೇಜ್ ಕೋಟೆಯಲ್ಲಿ ಸೆರೆಯಿಟ್ಟು ಉಪವಾಸದಿಂದ ಸಾಯುವಂತೆ ಮಾಡಿದ.

ಮನೆತನಕ್ಕೆ ಪೀರ್ ಪದವಿ ದೊರೆತದ್ದು ಹದಿನೇಳನೆಯ ಶತಮಾನದಲ್ಲಿ. ಜಾರ್ಜ್ ರಾಮ್ಸೆಗೆ 1618ರಲ್ಲಿ ಲಾರ್ಡ್ ಪದವಿ ಸಂದಿತು. ಆತನ ಮಗ ವಿಲಿಯಂನನ್ನು 1633ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಡಾಲ್‌ಹೌಸಿಯ ಅರ್ಲ್ ಆಗಿ ಮಾಡಿದ. ಅಂದಿನಿಂದ ಈ ಪದವಿ ಮನೆತನದ ಗಂಡು ಸಂತತಿಯಲ್ಲಿ ಸಾಗಿ ಬಂದಿದೆ. ನೇರ ಮಗನಿಲ್ಲದಾಗ ಸಮೀಪದ ದಾಯಾದಿಗೆ ಹೋಗುವುದು ಇದರ ಕ್ರಮ.

9ನೆಯ ಅರ್ಲ್ ಜಾರ್ಜ್ ರಾಮ್ಸೆ (1770–1838) ಈ ಲೇಖನದ ಜೇಮ್ಸ್‌ನ ತಂದೆ. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್‌ನ ಬಾಲ್ಯದ ಸಹಪಾಠಿಯಾಗಿದ್ದ ಈತ ಸೈನಿಕನಾಗಿ ನೆಪೋಲಿಯನ್ ವಿರುದ್ಧದ ಸ್ಪೇನ್ ಯುದ್ಧಗಳಲ್ಲಿ ವೆಲಿಂಗ್ಟನ್‌ನ ಕೈಕೆಳಗೆ ಸೇವೆ ಸಲ್ಲಿಸಿದ. 1815ರಲ್ಲಿ ಬ್ರಿಟನ್ನಿನ ಬ್ಯಾರನ್ ಪದವಿ ಪಡೆದ. ಅನಂತರ ನೋವಾ ಸ್ಕೋಷಿಯದ ಲೆಫ್ಟಿನೆಂಟ್ ಗವರ್ನರ್ ಆಗಿ ಹ್ಯಾಲಿಫ್ಯಾಕ್ಸ್ ನಗರದಲ್ಲಿ 1818ರಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದ. ಅದೇ ಇಂದಿನ ಡಾಲ್‌ಹೌಸಿ ವಿಶ್ವವಿದ್ಯಾಲಯ. 1820ರಿಂದ 1828ರವರೆಗೆ ಬ್ರಿಟಿಷ್ ಉತ್ತರ ಅಮೆರಿಕದ ಗವರ್ನರ್ ಜನರಲ್, 1830ರಿಂದ 1832ರವರೆಗೆ ಭಾರತದಲ್ಲಿ ಪ್ರಧಾನ ಸೇನಾಪತಿ ಆಗಿದ್ದ. ಈತನ ಹೆಂಡತಿ ಕ್ರಿಶ್ಚಿಯನ್ ಬ್ರೌನ್ ಸ್ಕಾಟ್ಲೆಂಡಿನ ಕೋಲ್ಸ್‌ಟನ್ ಎಸ್ಟೇಟಿನ ಉತ್ತರಾಧಿಕಾರಿಣಿ. ಸಸ್ಯಶಾಸ್ತ್ರದಲ್ಲಿ ಆಸಕ್ತಿಯಿದ್ದ ಈಕೆ ಕೆನಡ ಮತ್ತು ಭಾರತಗಳಲ್ಲಿ ಸಸ್ಯಗಳನ್ನು ಸಂಗ್ರಹಿಸಿದಳು. ಡಾಲ್‌ಹೌಸಿಯ ಎಂಬ ಸಸ್ಯಕುಲಕ್ಕೆ ಈಕೆಯ ಗೌರವಾರ್ಥವಾಗಿ ಆ ಹೆಸರನ್ನಿಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಜೇಮ್ಸ್ ಹುಟ್ಟಿದ್ದು ಡಾಲ್‌ಹೌಸಿ ಕೋಟೆಯಲ್ಲಿ. ಈತ ಮೂರನೆಯ ಮಗ. ಬಾಲ್ಯದ ಕೆಲವು ವರ್ಷಗಳನ್ನು ತಂದೆತಾಯಿಗಳೊಂದಿಗೆ ಕೆನಡದಲ್ಲಿ ಕಳೆದ. ಬಳಿಕ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದ. ಮುಂದೆ ಈತನ ನಂತರ ಒಬ್ಬರ ಹಿಂದೊಬ್ಬರಂತೆ ಭಾರತವನ್ನು ಆಳಿದ ಕ್ಯಾನಿಂಗ್ ಮತ್ತು ಎಲ್ಗಿನ್ ಇಬ್ಬರೂ ಆಕ್ಸ್‌ಫರ್ಡಿನಲ್ಲಿ ಈತನ ಸಮಕಾಲೀನರು. ಅಣ್ಣಂದಿರಿಬ್ಬರೂ ತೀರಿಕೊಂಡದ್ದರಿಂದ 1832ರಲ್ಲಿ ಜೇಮ್ಸ್ ಮನೆತನದ ಉತ್ತರಾಧಿಕಾರಿಯಾದ. ಆಸ್ತಿಯಿಂದ ಬರುತ್ತಿದ್ದ ಆದಾಯ ಪದವಿಯ ಅಂತಸ್ತಿಗೆ ಸಾಲುವಷ್ಟಿರಲಿಲ್ಲ.

1836ರಲ್ಲಿ ಟ್ವೀಡೇಲ್‌ನ ಮಾರ್ಕ್ವೆಸ್‌ನ ಮಗಳಾದ ಸೂಸನ್ ಹೇ ಎಂಬಾಕೆಯನ್ನು ಮದುವೆಯಾದ. ಈ ಮಾವ 1842ರಿಂದ 1848ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ದಂಪತಿಗಳಿಗೆ ಸೂಸನ್ ಮತ್ತು ಈಡಿತ್ ಎಂಬ ಇಬ್ಬರು ಹೆಣ್ಣು ಮಕ್ಕಳು. ಗಂಡು ಸಂತಾನವಿರಲಿಲ್ಲ.

ರಾಜಕೀಯ ಜೀವನ

1835ರಲ್ಲಿ ಎಡಿನ್‌ಬರೋ ಕ್ಷೇತ್ರದಿಂದ ಸ್ಪರ್ಧಿಸಿ ಸೋತ ಈತ 1837ರಲ್ಲಿ ಹ್ಯಾಡಿಂಗ್ಟನ್‌ಷೈರ್ ಕ್ಷೇತ್ರದಿಂದ ಪಾರ್ಲಿಮೆಂಟಿನ ಕೆಳಮನೆಗೆ ಆಯ್ಕೆಯಾದ. ಮರುವರ್ಷ ತಂದೆ ತೀರಿಕೊಂಡದ್ದರಿಂದ 10ನೆಯ ಅರ್ಲ್ ಆಗಿ ಮೇಲ್ಮನೆಯನ್ನು ಸೇರಿದ. 1843ರಲ್ಲಿ ಸರ್ ರಾಬರ್ಟ್ ಪೀಲ್‌ನ ಸರ್ಕಾರದಲ್ಲಿ ವಾಣಿಜ್ಯ ಮಂಡಲಿಯ ಉಪಾಧ್ಯಕ್ಷನೂ 1845ರಲ್ಲಿ ಅದರ ಅಧ್ಯಕ್ಷನೂ ಆದ.

ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ರೈಲು ಕಂಪನಿಗಳ ಷೇರುಗಳಿಗಾಗಿ ಜನ ಮುಗಿಬೀಳುತ್ತಿದ್ದರು. ನೂರಾರು ಹೊಸ ಮಾರ್ಗಗಳ ಯೋಜನೆಗಳು ಮಂಡಲಿಯ ಮುಂದೆ ಬರುತ್ತಿದ್ದವು. ಅವುಗಳನ್ನು ಖಾಸಗಿ ಕಂಪನಿಗಳ ಪೈಪೋಟಿಗೆ ಬಿಡದೆ ಇಡೀ ದೇಶಕ್ಕೆ ಒಂದು ಯೋಜಿತ ಜಾಲವನ್ನು ಸರ್ಕಾರದ ಮೇಲ್ವಿಚಾರಣೆಯಲ್ಲಿ ರೂಪಿಸಬೇಕೆಂಬುದು ಡಾಲ್‌ಹೌಸಿಯ ಅಭಿಪ್ರಾಯ. ಸರ್ಕಾರ ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. ಆದರೆ ಈ ಕೆಲಸದಲ್ಲಿ ಗಳಿಸಿದ ಅನುಭವ ಮುಂದೆ ಭಾರತದಲ್ಲಿ ಉಪಯೋಗಕ್ಕೆ ಬಂತು. ಹಗಲಿರುಳೆನ್ನದ ದುಡಿಮೆಯಿಂದ ಆರೋಗ್ಯ ಕೆಟ್ಟದ್ದೂ ಈ ಅವಧಿಯಲ್ಲಿಯೇ. 1846ರಲ್ಲಿ ಪೀಲ್ ಸರ್ಕಾರ ಬಿದ್ದುಹೋಯಿತು. ಮರುವರ್ಷ ಭಾರತದ ಗವರ್ನರ್ ಜನರಲ್ ಹುದ್ದೆ ಈತನಿಗೆ ದೊರೆಯಿತು. 1848ರ ಜನವರಿ 12ರಂದು ಕಲ್ಕತ್ತದಲ್ಲಿ ಅಧಿಕಾರ ವಹಿಸಿಕೊಂಡಾಗ ಈತನಿಗೆ 35 ವರ್ಷ.

ಯುದ್ಧಗಳು

ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳುಗಳಲ್ಲಿ, 1848ರ ಏಪ್ರಿಲ್‌ನಲ್ಲಿ, ಮುಲ್ತಾನಿನಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳ ಕೊಲೆಯಾಯಿತು. ಅಲ್ಲಿನ ದಿವಾನ ಮೂಲರಾಜನ ದಂಗೆ ಸಿಖ್ಖರ ಪ್ರತಿಭಟನೆಯಾಗಿ ಬೆಳೆದು ಎರಡನೆಯ ಆಂಗ್ಲೋ-ಸಿಖ್ ಯುದ್ಧಕ್ಕೆ ಕಾರಣವಾಯಿತು. 1849ರ ಜನವರಿ 13ರಂದು ಚಿಲಿಯನ್‌ವಾಲದಲ್ಲಿ ಬ್ರಿಟಿಷ್ ಸೇನೆಗೆ ಭಾರಿ ನಷ್ಟವಾಯಿತು. ಫೆಬ್ರವರಿ 21ರಂದು ಗುಜರಾತ್ ಪಟ್ಟಣದ ಬಳಿ ಸಿಖ್ ಸೇನೆ ಸಂಪೂರ್ಣವಾಗಿ ಸೋತಿತು. ಮಾರ್ಚ್ ತಿಂಗಳ ಕೊನೆಯಲ್ಲಿ ಡಾಲ್‌ಹೌಸಿ ಪಂಜಾಬನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡ. ಹತ್ತು ವರ್ಷದ ಬಾಲಕ ಮಹಾರಾಜ ದುಲೀಪ್ ಸಿಂಗನನ್ನು ಪದಚ್ಯುತಗೊಳಿಸಿ ವಿಶ್ರಾಂತಿ ವೇತನ ಗೊತ್ತುಮಾಡಲಾಯಿತು. ಕೊಹಿನೂರ್ ವಜ್ರವನ್ನು ಬ್ರಿಟನ್ನಿನ ರಾಣಿಗೆ ಒಪ್ಪಿಸಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಲಾಯಿತು. ಆ ವಜ್ರವನ್ನು ಲಾಹೋರಿನಿಂದ ಮುಂಬಯಿಗೆ ಡಾಲ್‌ಹೌಸಿ ತಾನೇ ಕೊಂಡೊಯ್ದ. ಈ ವಿಜಯಕ್ಕಾಗಿ ಅದೇ ವರ್ಷ ಈತನಿಗೆ ಮಾರ್ಕ್ವೆಸ್ ಪದವಿ ದೊರೆಯಿತು. ಪಂಜಾಬಿನ ಹೆಸರೂ ಆ ಪದವಿಯಲ್ಲಿ ಸೇರಿತ್ತು.

ಪಂಜಾಬಿನ ಆಡಳಿತವನ್ನು ಮೊದಲು ಹೆನ್ರಿ ಲಾರೆನ್ಸ್, ಜಾನ್ ಲಾರೆನ್ಸ್ ಸಹೋದರರಿದ್ದ ಮೂವರ ಮಂಡಲಿಗೆ ವಹಿಸಲಾಯಿತು. 1853ರಲ್ಲಿ ಅದನ್ನು ರದ್ದುಪಡಿಸಿ ಜಾನ್ ಲಾರೆನ್ಸ್‌ನನ್ನು ಮುಖ್ಯ ಕಮಿಷನರ್ ಆಗಿ ನೇಮಿಸಲಾಯಿತು.

1851ರಲ್ಲಿ ರಂಗೂನಿನ ಇಬ್ಬರು ಬ್ರಿಟಿಷ್ ಹಡಗು ನಾಯಕರ ಮೇಲೆ ವಿಧಿಸಿದ ದಂಡದ ವಿಷಯದಲ್ಲಿ ಬರ್ಮದೊಡನೆ ವಿವಾದ ಹುಟ್ಟಿತು. ಸಣ್ಣ ಮೊತ್ತದ ಈ ವಿವಾದ ಎರಡನೆಯ ಬರ್ಮ ಯುದ್ಧಕ್ಕೆ ದಾರಿ ಮಾಡಿತು. ರಂಗೂನ್ 1852ರ ಏಪ್ರಿಲ್‌ನಲ್ಲಿ ಬ್ರಿಟಿಷರ ವಶವಾಯಿತು. ಡಿಸೆಂಬರ್‌ನಲ್ಲಿ ಪೆಗು ಪ್ರಾಂತ್ಯವನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಳ್ಳಲಾಯಿತು. ಇದರಿಂದ ಬಂಗಾಳ ಕೊಲ್ಲಿಯ ಪೂರ್ವ ತೀರವೆಲ್ಲ ಬ್ರಿಟಿಷರ ಹಿಡಿತಕ್ಕೆ ಬಂತು.

ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ

ಸ್ವಂತ ಗಂಡು ಸಂತಾನವಿಲ್ಲದ ಹಿಂದೂ ದೊರೆ ದತ್ತು ಸ್ವೀಕರಿಸುವುದು ಧರ್ಮಶಾಸ್ತ್ರಕ್ಕೆ ಒಪ್ಪಿತವಾದ ಪದ್ಧತಿ. ದತ್ತುಪುತ್ರ ಪಿತೃಕಾರ್ಯಗಳಿಗೂ ಆಸ್ತಿಗೂ ಸ್ವಂತ ಮಗನಂತೆಯೇ ಅಧಿಕಾರಿ. ಡಾಲ್‌ಹೌಸಿ ಖಾಸಗಿ ಆಸ್ತಿಯ ಮಟ್ಟಿಗೆ ಇದನ್ನು ಒಪ್ಪಿದ. ರಾಜ್ಯಾಧಿಕಾರಕ್ಕೆ ಸಾರ್ವಭೌಮ ಶಕ್ತಿಯಾದ ಕಂಪನಿಯ ಅನುಮತಿ ಬೇಕೆಂದೂ ಅನುಮತಿಯಿಲ್ಲದಿದ್ದರೆ ರಾಜ್ಯ ಕಂಪನಿಗೆ ಸಲ್ಲುತ್ತದೆಂದೂ ವಾದಿಸಿದ. ಈ ನೀತಿಯನ್ನು ಈತನೇ ಹುಟ್ಟುಹಾಕಿದ್ದಲ್ಲ. ಕಂಪನಿಯ ನಿರ್ದೇಶಕ ಮಂಡಲಿ 1834ರಷ್ಟು ಹಿಂದೆಯೇ ದತ್ತಿಗೆ ಅನುಮತಿ ಕೊಡುವುದು ಅಪರೂಪವಾಗಬೇಕೆಂದು ಸೂಚಿಸಿತ್ತು. ಹಿಂದಿನವರು ಆಗೊಮ್ಮೆ ಈಗೊಮ್ಮೆ ಬಳಸಿದ್ದನ್ನು ಡಾಲ್‌ಹೌಸಿ ನಿಯಮವಾಗಿ ಮಾಡಿಕೊಂಡ.

ಸಂಸ್ಥಾನಗಳನ್ನು ಈತ ಮೂರು ಬಗೆಯಾಗಿ ವಿಂಗಡಿಸಿದ. ಯಾರಿಗೂ ಅಧೀನವಾಗಿರದ ಹಳೆಯ ಸಂಸ್ಥಾನಗಳ ದತ್ತನ್ನು ತಡೆಯುವ ಹಕ್ಕು ಕಂಪನಿಗಿಲ್ಲ. ಮೊಗಲರಿಗೋ ಪೇಶ್ವೆಗಳಿಗೋ ಕಪ್ಪ ಕೊಡುತ್ತಿದ್ದು ಈಗ ಬ್ರಿಟಿಷರಿಗೆ ಅಧೀನವಾದವು ಅನುಮತಿ ಪಡೆಯಬೇಕು. ಬ್ರಿಟಿಷರೇ ಸನದು ಕೊಟ್ಟು ನಿರ್ಮಿಸಿದ ಸಂಸ್ಥಾನಗಳಲ್ಲಿ ದತ್ತಿಗೆ ಅವಕಾಶವೇ ಇಲ್ಲ. ಆದರೆ ಯಾವ ಸಂಸ್ಥಾನ ಯಾವ ಬಗೆಗೆ ಸೇರುತ್ತದೆಂಬುದನ್ನು ತೀರ್ಮಾನಿಸುವ ಅಧಿಕಾರ ಕಂಪನಿಯ ಕೈಯಲ್ಲಿಯೇ ಇತ್ತು.

ಮೊದಲು ಈ ನೀತಿಗೆ ಗುರಿಯಾದದ್ದು ಶಿವಾಜಿಯ ವಂಶದವರ ಸಾತಾರ. 1848ರಲ್ಲಿ ಅಲ್ಲಿನ ರಾಜ ಸಾಯುವ ಮುನ್ನ ಮಾಡಿಕೊಂಡ ದತ್ತನ್ನು ತಿರಸ್ಕರಿಸಿ ರಾಜ್ಯವನ್ನು ವಶಪಡಿಸಿಕೊಳ್ಳಲಾಯಿತು. ಅನಂತರ ಜೈತ್‌ಪುರ, ಸಂಬಲ್‌ಪುರ, ಉದಯಪುರ (ಇಂದಿನ ಛತ್ತೀಸ್‌ಗಢದ್ದು), ಝಾನ್ಸಿ ಮತ್ತು ನಾಗಪುರಗಳು ಸೇರಿದವು. ಝಾನ್ಸಿಯ ರಾಜ ಗಂಗಾಧರರಾವ್ 1853ರ ನವೆಂಬರ್‌ನಲ್ಲಿ ತೀರಿಕೊಳ್ಳುವ ಮುನ್ನಾ ದಿನ ದಾಮೋದರರಾವ್ ಎಂಬ ಬಾಲಕನನ್ನು ದತ್ತು ಸ್ವೀಕರಿಸಿದ್ದ. ರಾಣಿ ಲಕ್ಷ್ಮೀಬಾಯಿ ಸಲ್ಲಿಸಿದ ಮನವಿಗಳಿಗೆ ಮನ್ನಣೆ ದೊರೆಯಲಿಲ್ಲ. ನಾಗಪುರದಲ್ಲಿ ಭೋಂಸ್ಲೆ ಅರಮನೆಯ ಒಡವೆಗಳನ್ನು ಹರಾಜು ಹಾಕಿದ್ದು ಜನರ ಮನಸ್ಸನ್ನು ಆಳವಾಗಿ ನೋಯಿಸಿತು. ರಾಜಸ್ಥಾನದ ಕರೌಲಿಯನ್ನು ಸೇರಿಸಿಕೊಳ್ಳುವ ಪ್ರಸ್ತಾಪವನ್ನು ಮಾತ್ರ ನಿರ್ದೇಶಕ ಮಂಡಲಿ ಒಪ್ಪಲಿಲ್ಲ.

ರಾಜ್ಯವಿಲ್ಲದೆ ಬರಿಯ ಬಿರುದು, ವಿಶ್ರಾಂತಿ ವೇತನಗಳನ್ನು ಉಳಿಸಿಕೊಂಡಿದ್ದವರ ಮೇಲೂ ಇದೇ ದೃಷ್ಟಿ ಬಿತ್ತು. 1851ರಲ್ಲಿ ಮಾಜಿ ಪೇಶ್ವೆ ಎರಡನೆಯ ಬಾಜಿರಾವ್ ತೀರಿಕೊಂಡಾಗ ಆತನಿಗೆ ಸಲ್ಲುತ್ತಿದ್ದ ವರ್ಷಕ್ಕೆ ಎಂಟು ಲಕ್ಷ ರೂಪಾಯಿಗಳ ವೇತನ ದತ್ತುಪುತ್ರ ನಾನಾಸಾಹೇಬನಿಗೆ ಸಿಗಲಿಲ್ಲ. ಕರ್ನಾಟಿಕ್ ನವಾಬ ಮತ್ತು ತಂಜಾವೂರು ರಾಜ ಪದವಿಗಳೂ 1855ರಲ್ಲಿ ಕೊನೆಗೊಂಡವು.

ಔಧ್ (ಅವಧ್) ರಾಜ್ಯವನ್ನು ದುರಾಡಳಿತದ ಕಾರಣ ನೀಡಿ 1856ರ ಫೆಬ್ರವರಿಯಲ್ಲಿ ವಶಪಡಿಸಿಕೊಳ್ಳಲಾಯಿತು. ನವಾಬ ವಾಜಿದ್ ಅಲಿ ಷಾ ಅರಸನಾಗಿಯೇ ಉಳಿದು ಆಡಳಿತವನ್ನು ಮಾತ್ರ ಕಂಪನಿ ನಡೆಸಬೇಕೆಂಬುದು ಡಾಲ್‌ಹೌಸಿಯ ಮೂಲ ಸಲಹೆ. ನಿರ್ದೇಶಕ ಮಂಡಲಿ ಪೂರ್ಣ ವಿಲೀನವನ್ನು ಬಯಸಿತು. ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ ನವಾಬ ರಾಜ್ಯ ಕಳೆದುಕೊಂಡು ಕಲ್ಕತ್ತಕ್ಕೆ ಹೋಗಿ ನೆಲೆಸಿದ. ಬಂಗಾಳ ಸೇನೆಯ ಸಿಪಾಯಿಗಳಲ್ಲಿ ಬಹಳ ಮಂದಿ ಔಧ್ ಪ್ರಾಂತ್ಯದವರೇ ಆಗಿದ್ದುದರಿಂದ ಈ ಕ್ರಮದ ಪರಿಣಾಮ ಸೇನೆಯೊಳಕ್ಕೂ ಹರಡಿತು.

ಕರ್ನಾಟಕದೊಂದಿಗಿನ ಸಂಬಂಧ

1853ರಲ್ಲಿ ಸೇನಾವೆಚ್ಚದ ಬಾಕಿಗಾಗಿ ಹೈದರಾಬಾದಿನ ನಿಜಾಮನಿಂದ ಬೀರಾರ್ ಪ್ರಾಂತ್ಯದೊಡನೆ ರಾಯಚೂರು ದೋಆಬ್ ಪ್ರದೇಶವನ್ನೂ ಕಂಪನಿಯ ಆಡಳಿತಕ್ಕೆ ಪಡೆಯಲಾಯಿತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಪ್ರದೇಶ 1860ರಲ್ಲಿ ನಿಜಾಮನಿಗೆ ಮರಳಿತು.

ಮೈಸೂರಿನ ಆಡಳಿತವನ್ನು 1831ರಲ್ಲಿಯೇ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಕಂಪನಿ ತನ್ನ ಕೈಗೆ ತೆಗೆದುಕೊಂಡಿತ್ತು. ಆಗ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಆರೋಗ್ಯ ಸುಧಾರಣೆಗಾಗಿ 1855ರಲ್ಲಿ ನೀಲಗಿರಿಯಲ್ಲಿ ತಂಗಿದ್ದ ಡಾಲ್‌ಹೌಸಿ ಅದೇ ವರ್ಷ ಮೈಸೂರು ಸೀಮೆಯಲ್ಲಿಯೂ ಪ್ರವಾಸ ಮಾಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಮಾಸಿದ್ದ ಭಿತ್ತಿಚಿತ್ರಗಳನ್ನು ಮತ್ತೆ ಬರೆಸಲು ಆಜ್ಞೆ ಮಾಡಿದವನು ಈತ. ಹೈದರ್ ಮತ್ತು ಟಿಪ್ಪು ಸಮಾಧಿಯಿರುವ ಗುಂಬಜ್‌ನ ದಂತದ ಕುಸುರಿಯ ಬಾಗಿಲುಗಳೂ ಈತನ ಕೊಡುಗೆ. ಆದರೂ ಮಹಾರಾಜರಿಗೆ ಗಂಡು ಮಕ್ಕಳಿಲ್ಲವಾದ್ದರಿಂದ ಅವರ ನಂತರ ಮೈಸೂರು ಕಂಪನಿಗೆ ಸೇರಬೇಕೆಂಬುದು ಈತನ ನಿಲುವಾಗಿತ್ತು. ಮಹಾರಾಜರು 1865ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ಸ್ವೀಕರಿಸಿದರು. ದೀರ್ಘ ಹೋರಾಟದ ಬಳಿಕ ಬ್ರಿಟಿಷ್ ಸರ್ಕಾರ 1867ರಲ್ಲಿ ಆ ದತ್ತಿಗೆ ಮನ್ನಣೆ ನೀಡಿತು. 1881ರಲ್ಲಿ ರಾಜ್ಯ ಒಡೆಯರ್ ಮನೆತನಕ್ಕೆ ಮರಳಿತು. ಹೀಗೆ ಮೈಸೂರು ಉಳಿದುಕೊಂಡಿತು. ನರಗುಂದದ ಬಾಬಾಸಾಹೇಬನಿಗೆ ಅಂಥ ಅವಕಾಶ ಸಿಗಲಿಲ್ಲ. ದತ್ತಿಗೆ ಅನುಮತಿ ನಿರಾಕರಿಸಲ್ಪಟ್ಟ ಆತ 1858ರಲ್ಲಿ ದಂಗೆಯೆದ್ದು ಪ್ರಾಣ ಕಳೆದುಕೊಂಡ.

ಸುಧಾರಣೆಗಳು

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ 34 ಕಿ.ಮೀ. ದೂರ ಓಡಿತು. ಅದೇ ತಿಂಗಳು ಡಾಲ್‌ಹೌಸಿ ಬರೆದ ಟಿಪ್ಪಣಿ ಕಲ್ಕತ್ತ, ಮುಂಬಯಿ, ಮದರಾಸುಗಳನ್ನು ಒಳನಾಡಿನೊಡನೆ ಜೋಡಿಸುವ ಮುಖ್ಯ ಮಾರ್ಗಗಳನ್ನು ಸೂಚಿಸಿತು. ಮಾರ್ಗಗಳನ್ನು ಕಂಪನಿಗಳು ನಿರ್ಮಿಸಬೇಕು, ಅವುಗಳ ಬಂಡವಾಳಕ್ಕೆ ಸರ್ಕಾರ ಬಡ್ಡಿಯ ಭರವಸೆ ಕೊಡಬೇಕು ಎಂಬ ಏರ್ಪಾಡು ಜಾರಿಗೆ ಬಂತು. ಸೇನೆಯನ್ನು ಬೇಗ ಸಾಗಿಸುವುದು, ಹತ್ತಿಯಂಥ ಕಚ್ಚಾ ವಸ್ತುಗಳನ್ನು ಬಂದರಿಗೆ ತರುವುದು ಇದರ ಉದ್ದೇಶಗಳಲ್ಲಿ ಸೇರಿದ್ದವು. ಬಡ್ಡಿಯ ಹೊರೆ ಭಾರತದ ತೆರಿಗೆದಾರರ ಮೇಲೆ ಬಿತ್ತೆಂದು ಮುಂದಿನ ಅರ್ಥಶಾಸ್ತ್ರಜ್ಞರು ಟೀಕಿಸಿದ್ದಾರೆ.

ತಂತಿ ವ್ಯವಸ್ಥೆಯ ಕೆಲಸವನ್ನು ವಿಲಿಯಂ ಒ'ಷಾನೆಸಿ ಎಂಬ ವೈದ್ಯ-ವಿಜ್ಞಾನಿಗೆ ವಹಿಸಲಾಯಿತು. 1854ರ ಮಾರ್ಚ್‌ನಲ್ಲಿ ಕಲ್ಕತ್ತ ಮತ್ತು ಆಗ್ರ ನಡುವೆ ತಂತಿ ಸಂಪರ್ಕ ಏರ್ಪಟ್ಟಿತು. ಡಾಲ್‌ಹೌಸಿ ಭಾರತ ಬಿಡುವ ಹೊತ್ತಿಗೆ ಸುಮಾರು 4,000 ಮೈಲಿ ಉದ್ದದ ತಂತಿ ಹಾಕಲಾಗಿತ್ತು. 1854ರ ಅಂಚೆ ಕಾಯಿದೆಯಿಂದ ದೂರ ಎಷ್ಟೇ ಇರಲಿ, ನಿಗದಿಯಾದ ತೂಕದ ಪತ್ರಕ್ಕೆ ಅರ್ಧ ಆಣೆಯ ಏಕರೂಪ ದರ ಬಂತು. ಇಡೀ ದೇಶಕ್ಕೆ ಅನ್ವಯಿಸುವ ಅಂಚೆ ಚೀಟಿಗಳು ಆ ವರ್ಷದ ಅಕ್ಟೋಬರ್‌ನಿಂದ ಚಲಾವಣೆಗೆ ಬಂದವು.

ಅದುವರೆಗೆ ಸೇನಾ ಮಂಡಲಿಯ ಕೈಯಲ್ಲಿದ್ದ ರಸ್ತೆ, ಸೇತುವೆ, ಕಾಲುವೆಗಳ ಕೆಲಸಕ್ಕೆ ಪ್ರತ್ಯೇಕ ಲೋಕೋಪಯೋಗಿ ಇಲಾಖೆ ರಚನೆಯಾಯಿತು. ಪ್ರೋಬಿ ಕಾಟ್ಲಿ ನಿರ್ಮಿಸಿದ ಗಂಗಾ ಕಾಲುವೆ 1854ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದೇ ವರ್ಷ ಬಂದ ಚಾರ್ಲ್ಸ್ ವುಡ್‌ನ ಶಿಕ್ಷಣ ಸನ್ನದನ್ನು ಡಾಲ್‌ಹೌಸಿ ಉತ್ಸಾಹದಿಂದ ಜಾರಿಗೆ ತಂದ. ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಸ್ಥಾಪನೆಯಾದದ್ದು ಅದರ ಫಲ. ಕಲ್ಕತ್ತದಲ್ಲಿ ಬೆಥೂನ್ 1849ರಲ್ಲಿ ತೆರೆದಿದ್ದ ಹೆಣ್ಣುಮಕ್ಕಳ ಶಾಲೆಯ ವೆಚ್ಚವನ್ನು ಆತನ ಮರಣದ ನಂತರ ಡಾಲ್‌ಹೌಸಿ ತನ್ನ ಸ್ವಂತ ಹಣದಿಂದ ಭರಿಸಿದ. ಮತಾಂತರ ಹೊಂದಿದವರಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಉಳಿಸಿದ 1850ರ ಕಾಯಿದೆ ಸಂಪ್ರದಾಯಸ್ಥರ ಅಸಮಾಧಾನಕ್ಕೆ ಕಾರಣವಾಯಿತು. ವಿಧವಾ ವಿವಾಹ ಕಾಯಿದೆಯ ಮಸೂದೆ ಈತನ ಕಾಲದಲ್ಲಿ ಸಿದ್ಧವಾಗಿ ಕ್ಯಾನಿಂಗ್‌ನ ಕಾಲದಲ್ಲಿ ಅಂಗೀಕಾರ ಪಡೆಯಿತು.

ಕೊನೆಯ ವರ್ಷಗಳು

ಕೆಲಸದ ವಿಷಯದಲ್ಲಿ ಈತ ಕಟ್ಟುನಿಟ್ಟಿನವನು. ತನ್ನ ಅಧಿಕಾರಕ್ಕೆ ಅಡ್ಡಬಂದವರನ್ನು ಸಹಿಸುತ್ತಿರಲಿಲ್ಲ. ಪ್ರಧಾನ ಸೇನಾಪತಿ ಚಾರ್ಲ್ಸ್ ನೇಪಿಯರ್ ಈತನೊಡನೆ ಜಗಳವಾಗಿ ರಾಜೀನಾಮೆ ಕೊಟ್ಟ. ಕೌಟುಂಬಿಕ ಜೀವನದಲ್ಲಿ ಈತ ಅನುಭವಿಸಿದ ದುಃಖವೂ ದೊಡ್ಡದು. ಕಾಯಿಲೆಯಿಂದ ಬಳಲುತ್ತಿದ್ದ ಹೆಂಡತಿ ಸ್ವದೇಶಕ್ಕೆ ಮರಳುತ್ತಿದ್ದಾಗ 1853ರ ಮೇ 6ರಂದು ಹಡಗಿನಲ್ಲಿಯೇ ತೀರಿಕೊಂಡಳು. ಬಳಿಕ ಹಿರಿಯ ಮಗಳು ಸೂಸನ್ ಭಾರತಕ್ಕೆ ಬಂದು ತಂದೆಯ ಜೊತೆಗಿದ್ದಳು. ಈತನ ಕಾಲಿನ ಮೂಳೆಯ ರೋಗ ಉಲ್ಬಣಿಸಿತು. 1856ರ ಫೆಬ್ರವರಿ 29ರಂದು ಕ್ಯಾನಿಂಗ್‌ಗೆ ಅಧಿಕಾರ ಒಪ್ಪಿಸಿ ಮಾರ್ಚ್‌ನಲ್ಲಿ ಕಲ್ಕತ್ತ ಬಿಟ್ಟಾಗ ಈತ ಊರುಗೋಲುಗಳ ಆಸರೆಯಿಂದ ನಡೆಯುತ್ತಿದ್ದ. ಕಂಪನಿ ವರ್ಷಕ್ಕೆ 5,000 ಪೌಂಡುಗಳ ವಿಶ್ರಾಂತಿ ವೇತನ ನೀಡಿತು.

1857ರ ದಂಗೆಯ ಸುದ್ದಿ ತಲುಪಿದಾಗ ಬ್ರಿಟನ್ನಿನಲ್ಲಿ ಈತನ ಮೇಲೆ ಟೀಕೆಗಳ ಮಳೆ ಸುರಿಯಿತು. ಈತ ಸಾರ್ವಜನಿಕವಾಗಿ ಏನನ್ನೂ ಉತ್ತರಿಸಲಿಲ್ಲ. ತನ್ನ ಖಾಸಗಿ ಕಾಗದಪತ್ರಗಳನ್ನು ಮರಣಾನಂತರ ಐವತ್ತು ವರ್ಷಗಳವರೆಗೆ ಪ್ರಕಟಿಸಬಾರದೆಂದು ವಿಧಿಸಿದ. 1858ರ ರಾಣಿಯ ಘೋಷಣೆ ಹೊಸದಾಗಿ ರಾಜ್ಯಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದು ಸಾರಿತು. ಮುಂದೆ ಕ್ಯಾನಿಂಗ್ ದೇಶೀಯ ದೊರೆಗಳಿಗೆ ದತ್ತಿನ ಹಕ್ಕನ್ನು ಖಚಿತಪಡಿಸುವ ಸನದುಗಳನ್ನು ನೀಡಿದ. ಈ ನೀತಿ ಅದನ್ನು ಜಾರಿಗೆ ತಂದವನ ಕಣ್ಣೆದುರಿಗೇ ಕೊನೆಗೊಂಡಿತು. ಡಾಲ್‌ಹೌಸಿ 1860ರ ಡಿಸೆಂಬರ್ 19ರಂದು ತಾನು ಹುಟ್ಟಿದ ಕೋಟೆಯಲ್ಲಿಯೇ 48ನೆಯ ವಯಸ್ಸಿನಲ್ಲಿ ನಿಧನನಾದ. ಈತನ ಸಮಾಧಿ ಸಮೀಪದ ಕಾಕ್‌ಪೆನ್ ಚರ್ಚಿನ ಆವರಣದಲ್ಲಿದೆ.

ಪದವಿಯ ಮುಂದಿನ ಉತ್ತರಾಧಿಕಾರಿಗಳು

ಮಾರ್ಕ್ವೆಸ್ ಪದವಿ ಈತನ ಸ್ವಂತ ಗಂಡು ಸಂತತಿಗೆ ಮಾತ್ರ ಸೀಮಿತವಾಗಿತ್ತು. ಗಂಡು ಮಕ್ಕಳಿಲ್ಲದ ಕಾರಣ ಅದೂ 1815ರಲ್ಲಿ ತಂದೆ ಪಡೆದಿದ್ದ ಬ್ಯಾರನ್ ಪದವಿಯೂ ಈತನೊಂದಿಗೆ ಅಳಿದುಹೋದವು. ಸ್ಕಾಟ್ಲೆಂಡಿನ ಹಳೆಯ ಅರ್ಲ್ ಪದವಿ ಮಾತ್ರ ದಾಯಾದಿ ಕ್ರಮದಲ್ಲಿ ಮುಂದುವರಿಯಿತು. ತಾಯಿಯ ಕಡೆಯಿಂದ ಬಂದ ಕೋಲ್ಸ್‌ಟನ್ ಎಸ್ಟೇಟ್ ಹಿರಿಯ ಮಗಳು ಸೂಸನ್‌ಗೆ ಹೋಯಿತು.

11ನೆಯ ಅರ್ಲ್ ಆದವನು ಚಿಕ್ಕಪ್ಪನ ಮಗ ಫಾಕ್ಸ್ ಮಾಲ್. ಲಾರ್ಡ್ ಪ್ಯಾನ್‌ಮ್ಯೂರ್ ಎಂಬ ಪದವಿಯಿಂದ ಪರಿಚಿತನಾಗಿದ್ದ ಈತ ಕ್ರಿಮಿಯಾ ಯುದ್ಧದ ಕೊನೆಯ ಹಂತದಲ್ಲಿ ಬ್ರಿಟನ್ನಿನ ಯುದ್ಧ ಸಚಿವನಾಗಿದ್ದ. ಈತನಿಗೂ ಮಕ್ಕಳಿರಲಿಲ್ಲ. 1874ರಲ್ಲಿ ಪದವಿ ಮತ್ತೊಬ್ಬ ದಾಯಾದಿಯಾದ ನೌಕಾಪಡೆಯ ಅಡ್ಮಿರಲ್ ಜಾರ್ಜ್ ರಾಮ್ಸೆಗೆ ಬಂತು. ಈತನ ಮಗ 13ನೆಯ ಅರ್ಲ್ ಜಾನ್ ವಿಲಿಯಂ ರಾಮ್ಸೆ 1886ರಲ್ಲಿ ಸ್ಕಾಟ್ಲೆಂಡಿನ ಕಾರ್ಯದರ್ಶಿಯಾಗಿದ್ದ. 16ನೆಯ ಅರ್ಲ್ ಸೈಮನ್ ರಾಮ್ಸೆ (1914–1999) ಆಫ್ರಿಕದ ರೊಡೀಷಿಯ ಮತ್ತು ನ್ಯಾಸಲ್ಯಾಂಡ್ ಒಕ್ಕೂಟದ ಗವರ್ನರ್ ಜನರಲ್ ಆಗಿ 1957ರಿಂದ 1963ರವರೆಗೆ ಕಾರ್ಯನಿರ್ವಹಿಸಿದ. ಮನೆತನದ ನಿವಾಸ ಮುಂದೆ ಬ್ರೆಕಿನ್ ಕೋಟೆಗೆ ಸ್ಥಳಾಂತರಗೊಂಡಿತು. ಡಾಲ್‌ಹೌಸಿ ಕೋಟೆ ಇಂದು ಹೋಟೆಲಾಗಿದೆ.

ಸ್ಮರಣೆ

ಹಿಮಾಚಲ ಪ್ರದೇಶದ ಡಾಲ್‌ಹೌಸಿ ಗಿರಿಧಾಮಕ್ಕೆ ಈತನ ಹೆಸರಿದೆ. ಕಲ್ಕತ್ತದ ಡಾಲ್‌ಹೌಸಿ ಚೌಕಕ್ಕೆ ಸ್ವಾತಂತ್ರ್ಯಾನಂತರ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರಿಗಳ ಹೆಸರನ್ನಿಡಲಾಯಿತು. ಈತನ ಖಾಸಗಿ ಪತ್ರಗಳ ಸಂಗ್ರಹ 1910ರಲ್ಲಿ ಪ್ರಕಟವಾಯಿತು.